ಅವ್ವನ ದನಿಯಲ್ಲಿ ಮೂರು ಬುಧವಾರ

ಮೂರು ಬುಧವಾರ ನಾನು ಅವ್ವನಾಗಿ ಮಾತಾಡಿದೆ. ರಾಮನಗರದ ಆಸ್ಪತ್ರೆಯಿಂದ ಬಂದ ಫೋನನ್ನು ಎತ್ತಿ, ಅವ್ವನ ದನಿಯಲ್ಲಿ, ಅವ್ವನ ಕೆಮ್ಮನ್ನೂ ಸೇರಿಸಿ, ನನ್ನ ತಂಗಿ ಚೆನ್ನಾಗಿ ಉಣ್ಣುತ್ತಿದ್ದಾಳೆ ಎಂದು ಹೇಳಿದೆ. ಅವಳು ಉಣ್ಣುತ್ತಿರಲಿಲ್ಲ. ಆದರೆ ಅದಕ್ಕೂ ಮೊದಲು ಇನ್ನೊಂದು ಮಾಡಿದ್ದೆ — ಅದನ್ನು ಬಿಟ್ಟು ಇದನ್ನಷ್ಟೇ ಹೇಳಿದರೆ ಅರ್ಧ ಸುಳ್ಳಾಗುತ್ತದೆ.

ನಾನು ಊರನ್ನೆಲ್ಲ ಅಣಕಿಸುವವನು. ವಿರೂಪಾಕ್ಷಿಪುರದ ಬಸ್ಸಿನ ಕಂಡಕ್ಟರ್, ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕೂಗುವವರು, ಎರಡು ಸಲ ಡಿಗ್ರಿ ಫೇಲಾಗಿ ಅಪ್ಪನ ಮುಂದೆ ಕೈಕಟ್ಟಿ ನಿಂತ ನಾನು — ಯಾರನ್ನೂ ಬಿಟ್ಟವನಲ್ಲ. ಚಿಕ್ಕಪ್ಪನ ಮಗಳ ಬೀಗರೂಟದ ದಿನ ಹುಡುಗರು ಒತ್ತಾಯ ಮಾಡಿದರು. ನಾನು ಪವಿತ್ರಳನ್ನು ಮಾಡಿ ತೋರಿಸಿದೆ. ನನ್ನ ತಂಗಿ, ಆಗ ಚನ್ನಪಟ್ಟಣದಲ್ಲಿ ಪಿಯುಸಿ ಓದುತ್ತಿದ್ದಳು. ಮುದ್ದೆಯ ತುತ್ತನ್ನು ಸಾರಿನಲ್ಲಿ ಹೊರಳಿಸುವುದು, ಕೆನ್ನೆ ಉಬ್ಬಿಸುವುದು, ಕಣ್ಣು ಮುಚ್ಚಿ ಗುಳುಕ್ಕನೆ ನುಂಗುವುದು, ಕೊನೆಗೆ ಬೆಂಚಿನಿಂದ ಏಳಲಾರದೆ ಒದ್ದಾಡುವುದು. ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಪವಿತ್ರಳೂ ನಕ್ಕಳು. ಅವಳೇ ನಕ್ಕಳಲ್ಲ ಎಂದು ನಾನು — ಆ ನಗುವನ್ನು ಬಹಳ ದಿನ ಸಾಕ್ಷಿಯ ಹಾಗೆ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ.

ಮಾರನೆಯ ದಿನ ಅವಳು ಮುದ್ದೆ ಬೇಡವೆಂದಳು. ಆಮೇಲೆ ಅನ್ನ. ಆಮೇಲೆ ನಮ್ಮ ಜೊತೆ ಕೂರುವುದೇ ಬೇಡವಾಯಿತು. ಕಾಯಿಲೆಗೆ ಒಂದೇ ಕಾರಣ ಇರುವುದಿಲ್ಲ ಎಂದು ಡಾಕ್ಟರಮ್ಮ ಎಷ್ಟೋ ದಿನದ ಮೇಲೆ ಹೇಳಿದರು. ಇರಬಹುದು. ಆ ಮಾತಿನ ನೆರಳಿನಲ್ಲಿ ಕೂರಲು ನನಗೆ ಮನಸ್ಸಿಲ್ಲ.

ಅಪ್ಪ ರೇಷ್ಮೆ ಹುಳ ಸಾಕುವವರು. ಪೊರೆ ಬಿಡುವ ಮುಂಚೆ ಹುಳ ತಿನ್ನುವುದನ್ನು ನಿಲ್ಲಿಸಿ ತಲೆಯೆತ್ತಿ ಕೂರುತ್ತದೆ. ಅದಕ್ಕೆ ಜ್ವರ ಎನ್ನುತ್ತೇವೆ. ಆಗ ಸೊಪ್ಪು ಹಾಕಬಾರದು, ಮುಟ್ಟಲೂಬಾರದು.

"ಜ್ವರಕ್ಕೆ ಕೂತವ್ಳೆ ಬುಡಮ್ಮಿ," ಎಂದರು ಅಪ್ಪ ಅವ್ವನಿಗೆ. "ಎದ್ದ ಮ್ಯಾಕೆ ತಾನೇ ತಿಂತಾಳೆ."

ಕಾದೆವು. ಹುಳವಾಗಿದ್ದರೆ ಏಳುತ್ತಿತ್ತು.

ಕೊನೆಗೆ ಅವ್ವ ಯಾರನ್ನೂ ಕೇಳದೆ ಅವಳನ್ನು ರಾಮನಗರಕ್ಕೆ ಕರೆದುಕೊಂಡು ಹೋದಳು. ಇದು ಹಟವಲ್ಲ, ಕಾಯಿಲೆ ಎಂದರು ಡಾಕ್ಟರಮ್ಮ. ಬಯ್ಯಬೇಡಿ, ಆಣೆ ಇಡಬೇಡಿ, ದಪ್ಪ-ಸಣ್ಣ ಎನ್ನುವ ಮಾತೇ ಮನೆಯಲ್ಲಿ ಬೇಡ. ಹೊತ್ತಿಗೆ ಸರಿಯಾಗಿ ಬಡಿಸಿ, ಜೊತೆಯಲ್ಲಿ ಕೂತು ನೀವೂ ಉಣ್ಣಿ. ಎಲ್ಲರಿಗೂ ಬಡಿಸಿ ತಳದಲ್ಲಿ ಉಳಿದದ್ದನ್ನು ಒಲೆಯ ಪಕ್ಕ ಉಂಡೇ ಬಾಳಿದ ಅವ್ವ, ಅಂದಿನಿಂದ ತಟ್ಟೆ ಹಿಡಿದು ನಡುಮನೆಗೆ ಬಂದಳು. "ಹಿಂಗೆ ಎಲ್ಲಾರ್ ಎದ್ರಿಗೆ ಕೂತು ಉಣ್ಣಕ್ಕೆ ನಂಗೂ ನಾಚ್ಕೆ ಆಯ್ತದೆ ಕಣವ್ವ," ಎಂದು ಪವಿತ್ರಳಿಗೆ ಹೇಳಿದಳು. "ಇಬ್ರೂ ಒಸಿ ಒಸಿ ಕಲಿಯನ." ಅರ್ಧ ಗಂಟೆಯೋ ಒಂದು ಗಂಟೆಯೋ — ಪವಿತ್ರ ಏಳುವ ತನಕ ಅವ್ವನೂ ಏಳುತ್ತಿರಲಿಲ್ಲ. ಇಂಥ ಮಗು ಇರುವ ಮನೆಯವರು ಇದನ್ನು ಓದುತ್ತಿದ್ದರೆ, ನನ್ನನ್ನು ಮರೆತುಬಿಡಿ, ಅವ್ವನನ್ನು ನೋಡಿ.

ಪ್ರತಿ ಬುಧವಾರ ಹನ್ನೊಂದಕ್ಕೆ ಆಸ್ಪತ್ರೆಯ ಮೇಡಂ ಒಬ್ಬರು ಫೋನ್ ಮಾಡಿ ಅವ್ವನನ್ನು ವಿಚಾರಿಸುತ್ತಿದ್ದರು. ಹುಳ ಕೊನೆಯ ಜ್ವರ ಎದ್ದು ಎಡೆಬಿಡದೆ ಸೊಪ್ಪು ತಿನ್ನುವ, ಆಮೇಲೆ ಗೂಡು ಕಟ್ಟುವ ವಾರಗಳು ಬಂದವು. ಅವ್ವ ಹುಳದ ಮನೆಯಲ್ಲಿ, ಫೋನು ಕಿಟಕಿಯಲ್ಲಿ. ಪರೀಕ್ಷೆಗೆ ಓದಲು ಪವಿತ್ರ ಮನೆಯಲ್ಲಿದ್ದಳು. ಅವ್ವ ಎಷ್ಟು ಹೊತ್ತು ಪಕ್ಕ ಕೂತರೂ ಆ ವಾರ ಸರಿಯಾಗಿ ಒಂದು ತುತ್ತೂ ಇಳಿದಿರಲಿಲ್ಲ.

"ಅಣ್ಣ, ನಿಜ ಹೇಳುದ್ರೆ ಅಡ್ಮಿಟ್ ಮಾಡ್ಕತಾರೆ. ಒಂದೇ ಒಂದ್ಸಲ, ಅವ್ವನಂಗೆ ಮಾತಾಡ್ಬುಡು."

ಬೇಡಿಕೊಂಡದ್ದು ಅವಳಲ್ಲ, ಅವಳೊಳಗಿನ ಕಾಯಿಲೆ. ಅವಳನ್ನು ಇದಕ್ಕೆ ಎಳೆಯುವುದಿಲ್ಲ. ಫೋನ್ ಎತ್ತಿದವನು ನಾನು. "ಊಂ ಮೇಡಂ, ಒಸಿ ಒಸಿ ಅಂತ ಈಗ ಚೆಂದಾಗೇ ತಿಂತಾವ್ಳೆ... ನಿಮ್ ದಯ." ಮೇಡಂಗೆ ಅನುಮಾನವೇ ಬರಲಿಲ್ಲ. ನಾಚಿಕೆಯಿಂದ ಹೇಳುತ್ತೇನೆ — ನನಗೆ ಖುಷಿಯಾಯಿತು. ಮುಂದಿನ ವಾರ ಕೆಮ್ಮು ಸೇರಿಸಿದೆ. ಅದರ ಮುಂದಿನ ವಾರ, ಸಾರು ಯಾವುದೆಂದೂ ಹೇಳಿದೆ. "ಮೇಡಂ ಫೋನೇ ಮಾಡ್ನಿಲ್ವಲ್ಲಾ?" ಎಂದು ಅವ್ವ ಕೇಳಿದರೆ, ಅವರಿಗೆಷ್ಟು ಕೆಲಸವೋ ಏನೋ ಎಂದೆ.

ನಾಲ್ಕನೆಯ ಬುಧವಾರ ಬರುವ ಮೊದಲೇ ಪವಿತ್ರ ಚನ್ನಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಕುಸಿದು ಬಿದ್ದಳು. ಬದುಕಿದಳು. ಬದುಕಿದ್ದು ನನ್ನಿಂದಲ್ಲ.

"ಚೆನ್ನಾಗಿ ತಿಂತಾಳೆ ಅಂತ ವಾರವಾರ ನೀವೇ ಹೇಳಿದ್ರಲ್ಲಮ್ಮ!" ಎಂದರು ಡಾಕ್ಟರಮ್ಮ. ಅವ್ವ ತಿರುಗಿ ನನ್ನ ಕಡೆ ಒಂದು ಸಲ ನೋಡಿದಳು. ಆಮೇಲೆ, "ತಪ್ಪಾಯ್ತು ಮೇಡಂ," ಎಂದಳು.

ಎಲ್ಲರ ದನಿಯೂ ಬರುವ ನನಗೆ ಆಗ ನನ್ನದೊಂದು ಬರಲಿಲ್ಲ. ಅಂದಿನಿಂದ ಆಸ್ಪತ್ರೆಯ ಫೋನು ಅಪ್ಪನ ನಂಬರಿಗೆ ಬರತೊಡಗಿತು. ದಿನವೂ ಮಗಳ ಪಕ್ಕ ಕೂತ ಅವ್ವನನ್ನು ಅವರು ಕೇಳುತ್ತಿರಲಿಲ್ಲ. ನಮ್ಮ ಅತ್ತೆಯಂತೂ ಹೋದ ಮನೆಗಳಲ್ಲೆಲ್ಲ ಹೇಳಿದರು — ಹೆತ್ತವಳೇ ಸುಳ್ಳು ಹೇಳಿದಳಂತೆ. ಎರಡು ವರ್ಷ. ಪವಿತ್ರ ಚೂರುಚೂರೇ ಚೇತರಿಸಿಕೊಂಡಳು, ಈಗಲೂ ಕೆಲವು ದಿನ ಕಷ್ಟ. ಅವ್ವ ತುಟಿ ಬಿಚ್ಚಲಿಲ್ಲ. ನಾನೂ —

ಹೋದ ತಿಂಗಳು ಎಲ್ಲರೂ ಊಟಕ್ಕೆ ಕೂತಿದ್ದಾಗ ಮೇಡಂ ಫೋನ್ ಬಂತು. ಅಪ್ಪ ಫೋನಿಗೆ ಅಂಗೈ ಮುಚ್ಚಿ ಅವ್ವನನ್ನು ಕೇಳಿದರು: "ಈ ವಾರ ಎಂಗೆ ಉಂಡ್ಲಮ್ಮಿ? ಈಗ್ಲಾರ ದಿಟ ಹೇಳು."

ತುತ್ತನ್ನು ತಟ್ಟೆಗೆ ಹಾಕಿದೆ. ಫೋನು ಇಡಿಸಿ ಎಲ್ಲವನ್ನೂ ಹೇಳಿದೆ. ಪವಿತ್ರ ನಡುವೆ ಏನೋ ಹೇಳಲು ಬಂದಳು, ಬೇಡವೆಂದೆ. ಅಪ್ಪ ತಟ್ಟೆಯಲ್ಲಿಟ್ಟ ಕೈ ಎತ್ತಲಿಲ್ಲ. ಅಷ್ಟಕ್ಕೇ ನಿಲ್ಲಿಸಲಾರದೆ, ಹಾಳು ಚಾಳಿ, ಒಂದು ಮಾತು ಹೆಚ್ಚಿಗೆ ಆಡಿದೆ: "ಥೇಟ್ ನಿನ್ನಂಗೇ ಮಾತಾಡಿದ್ದೆ ಕಣವ್ವ, ಅದ್ಕೇ ಅವ್ರಿಗೆ ಗೊತ್ತಾಗ್ನಿಲ್ಲ."

ಅವ್ವ ಪವಿತ್ರಳ ತಟ್ಟೆಗೆ ಸಾರು ಬಿಡುತ್ತಿದ್ದವಳು ನನ್ನ ಕಡೆ ತಿರುಗಿದಳು.

"ನನ್ನಂಗೆ ಎಲ್ಲಿ ಮಾತಾಡ್ದೆ ಬುಡ್ಲಾ. ಆ ಮೂರು ವಾರದಾಗೆ ಫೋನು ನಾನು ಎತ್ತಿದ್ರೆ, ಮಾತೆಲ್ಲಿ ಬತ್ತಿತ್ತು? ಅಳು ಬತ್ತಿತ್ತು."