ಎರಡನೆಯ ಚೀಟಿ

ಸಂಶಿಯ ಹತ್ತಿರದ ನಮ್ಮ ಊರಿನವರು ಗುಡಿಯಲ್ಲಿ ದೇವರ ಮೈಮೇಲೆ ಹೂ ಹಚ್ಚಿ, ಬಲಕ್ಕೆ ಬಿದ್ದರೆ ಹೌದು ಅನ್ನುತ್ತಿದ್ದರು. ಕ್ರೈಸ್ತರಾದ ನಾವು ಬೈಬಲ್ಲಿನಲ್ಲಿ ಮಡಚಿದ ಎರಡು ಚೀಟಿ ಇಡುತ್ತಿದ್ದೆವು. ಒಂದರಲ್ಲಿ ಶಿಲುಬೆ, ಇನ್ನೊಂದು ಖಾಲಿ. ಪ್ರಾರ್ಥನೆ ಮಾಡಿ ಒಂದನ್ನು ಎತ್ತಬೇಕು. ಶಿಲುಬೆ ಬಂದರೆ ದೇವರು ಹೂಂ ಅಂದ ಹಾಗೆ. ಉಳಿದದ್ದನ್ನು ಬಿಚ್ಚಿ ನೋಡುವಂತಿಲ್ಲ, ಒಲೆಗೆ ಹಾಕಬೇಕು. ಪಾದ್ರಿಗಳಿಗೆ ಇದು ಸೇರುತ್ತಿರಲಿಲ್ಲ. ನಾವು ಬಿಡಲೂ ಇಲ್ಲ.

ಎಪ್ಪತ್ತರ ದಶಕದ ಮಾತು. ಮಗಳಿಗೆ ಧಾರವಾಡದಲ್ಲಿ ಟೀಚರ್ ಟ್ರೇನಿಂಗಿಗೆ ಸೀಟು ಸಿಕ್ಕಿತ್ತು. ಅದೇ ವಾರ ಮಿಶ್ರಿಕೋಟಿಯಿಂದ ಸಂಬಂಧ ಬಂತು. ನಮ್ಮಂತೆಯೇ ಚರ್ಚಿಗೆ ಹೋಗುವ, ಗದ್ದೆ ಇದ್ದ ಮನೆ. ನನಗೆ ಮದುವೆಯೇ ಬೇಕಾಗಿತ್ತು.

“ದೇವರು ಆಗು ಅಂದ್ರ ಆಗ್ತೀನಿ. ನೀ ಅಂದ್ರ ಇಲ್ಲ ಬೇ ಯವ್ವಾ,” ಎಂದಳು ಮಗಳು.

“ಆತ್ ತಗೋ, ದೇವರನ್ನ ಕೇಳೂಣು.”

ನಾನು ಕಲಿತದ್ದು ಎರಡನೆಯ ಇಯತ್ತೆ. ಶಿಲುಬೆ ಗೀಚಲು ಅಷ್ಟೂ ಬೇಡ. ಎರಡೂ ಚೀಟಿಯಲ್ಲಿ ಗೀಚಿ ಇಟ್ಟೆ.

ಅವಳು ಒಂದನ್ನು ಎತ್ತಿದಳು. ನೋಡಿದಳು. ನನ್ನ ಮುಖವನ್ನೂ ನೋಡಿದಳು. “ಇನ್ನೊಂದು ನಾನ ಒಲ್ಯಾಗ ಹಾಕ್ತೀನಿ,” ಎಂದು ಅಡಿಗೆಮನೆಗೆ ಹೋದಳು. ತಡೆದರೆ ಅನುಮಾನ ಬರುತ್ತದೆಂದು ನಾನು ಕೂತೇ ಇದ್ದೆ. ಹೊರಗೆ ಬಂದು, “ಅವರಿಗೆ ಹೂಂ ಅಂತ ಹೇಳಿ ಕಳಸು,” ಎಂದಳು.

ಮರುವರ್ಷ ಮೊದಲ ಹೆರಿಗೆಯಲ್ಲಿ ಸತ್ತಳು. ಕೂಸೂ ಉಳಿಯಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಪಾದ್ರಿಗಳು, “ದೇವರ ಚಿತ್ತರೀ ಅವ್ವಾರ. ಎಲ್ಲಾ ಆತ ಮೊದಲ ನೇಮಿಸಿದ್ದು,” ಎಂದರು.

“ಆತನ ಮ್ಯಾಲೆ ಹಾಕಬ್ಯಾಡ್ರಿ. ನಾ ಮಾಡೀನಿ,” ಎಂದು ಚೀಟಿಯ ಸಂಗತಿ ಹೇಳಿದೆ.

“ಅದೂ ಆತಗ ಗೊತ್ತಿತ್ತಲ್ರಿ,” ಎಂದರು ಪಾದ್ರಿಗಳು.

“ಗೊತ್ತಿದ್ರ ನನ್ನ ಕೈ ಯಾಕ ಹಿಡೀಲಿಲ್ರಿ?”

ಅವರು ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದರು.

ತಿಂಗಳಾದ ಮೇಲೆ ಅಳಿಯ ಅವಳ ಟ್ರಂಕನ್ನು ಬಸ್ಸಿನಲ್ಲಿ ತಂದುಕೊಟ್ಟ. ಸೀರೆಗಳ ಕೆಳಗೆ ಹಾಡಿನ ಪುಸ್ತಕ, ಅದರೊಳಗೆ ಎರಡು ಚೀಟಿ. ಎರಡರಲ್ಲೂ ನನ್ನ ಸೊಟ್ಟ ಶಿಲುಬೆ.

ಒಲೆಗೆ ಹಾಕಿರಲಿಲ್ಲ. ಬಿಚ್ಚಿ ನೋಡಿಯೇ ಹೂಂ ಅಂದಿದ್ದಳು. ನನ್ನ ಮಾನ ಕಾಯಲಿಕ್ಕೋ, ಅವಳ ಮನಸ್ಸೇ ತಿರುಗಿತ್ತೋ, ಹೇಳಬೇಕಾದವಳು ಮಣ್ಣಿನಲ್ಲಿದ್ದಳು. ತಪ್ಪು ನನ್ನೊಬ್ಬಳದೇ ಎಂದು ದೇವರಿಗೂ ಬಿಟ್ಟುಕೊಡದೆ ಹಿಡಿದಿದ್ದೆ. ಅದರಲ್ಲೂ ಪಾಲು ತೆಗೆದುಕೊಂಡು ಹೋಗಿದ್ದಳು.

“ಏನ್ರಿ ಅತ್ತಿ ಅದು?” ಎಂದ ಅಳಿಯ.

“ಏನಿಲ್ಲಪಾ. ಕೂಡು, ಚಾ ಕುಡದು ಹೋಗು.”

ಒಲೆ ಹಚ್ಚಿದೆ. ಚೀಟಿ ಎರಡನ್ನೂ ಅದರೊಳಗೆ ಹಾಕಿ, ಮೇಲೆ ಚಹದ ನೀರು ಇಟ್ಟೆ.