ಗಳದ ತುದಿಯ ಧೋತರ

ಮೊನ್ನೆ ಬೆಳಿಗ್ಗೆ ಒಗೆದ ಬಟ್ಟೆ ಹರವಲು ಮಾಳಿಗೆಗೆ ಹೋದಾಗ, ಮುಂದಿನ ಕಟ್ಟಡದ ತಾರಸಿಯ ಮೇಲೆ ಒಂದು ಬಿದಿರಿನ ಗಳ ನಿಂತಿರುವುದು ಕಂಡಿತು. ಅದರ ತುದಿಗೆ ನೀಲಿ ಪ್ಲಾಸ್ಟಿಕ್ ಹಾಳೆಯ ತುಂಡು ಕಟ್ಟಿದ್ದರು. ಹೊಳೆಯ ಕಡೆಯಿಂದ ಗಾಳಿ ಬಂದಾಗಲೆಲ್ಲ ಅದು ಪಟಪಟ ಎನ್ನುತ್ತಿತ್ತು. ಕೈಯಲ್ಲಿದ್ದ ಒದ್ದೆ ಟವೆಲನ್ನು ತಂತಿಗೆ ಹಾಕುವುದು ಮರೆತು ಸ್ವಲ್ಪ ಹೊತ್ತು ಹಾಗೇ ನಿಂತೆ. ಅದೇ ಜಾಗದಲ್ಲಿ ಇಂಥದೇ ಒಂದು ಗಳವನ್ನು ಹಿಂದೆ ನೋಡಿದ್ದೆ. ಆಗ ತುದಿಯಲ್ಲಿದ್ದದ್ದು ಬಿಳಿ ಧೋತರ... ಸಾವ್ಕಾರರ ಧೋತರ.

ನಮ್ಮ ಮನೆ ಹರಿಹರದಲ್ಲಿ, ಹೊಳೆಗೆ ಹತ್ತಿರದ ಓಣಿಯಲ್ಲಿದೆ. ತುಂಗಭದ್ರೆಯನ್ನು ನಾವು ಯಾರೂ ಹೆಸರಿಟ್ಟು ಕರೆಯುವುದಿಲ್ಲ, ಹೊಳೆ ಎಂದರೆ ಸಾಕು. ಓಣಿ ದಿಬ್ಬದ ಮೇಲಿದೆ. ಓಣಿಗೂ ಹೊಳೆಗೂ ನಡುವಿನ ಇಳಿಜಾರಿನಲ್ಲಿ ಆಗ ಸಾವ್ಕಾರರ ಭತ್ತದ ಗೋದಾಮು ಇತ್ತು. ತಗಡಿನ ಚಾವಣಿಯ ಕುಳ್ಳ ಕಟ್ಟಡ. ಕೊಕ್ಕನೂರು, ಕಡರನಾಯಕನಹಳ್ಳಿ ಕಡೆಯಿಂದ ಟ್ರ್ಯಾಕ್ಟರುಗಳಲ್ಲಿ ಚೀಲಗಳು ಬಂದು ಇಳಿಯುತ್ತಿದ್ದವು. ನಾನು ದಾವಣಗೆರೆಯಿಂದ ಸೊಸೆಯಾಗಿ ಈ ಮನೆಗೆ ಬಂದ ಮೊದಲ ದಿನಗಳಲ್ಲಿ ನನಗೆ ಹತ್ತಿದ್ದು ಹೊಳೆಯ ವಾಸನೆಯಲ್ಲ, ಭತ್ತದ ಧೂಳಿನ ವಾಸನೆ.

ಆ ಧೂಳಿಗಾಗಿಯೇ ನಮ್ಮ ಅತ್ತೆಗೂ ಸಾವ್ಕಾರರಿಗೂ ಜಗಳ. ಬೇಸಿಗೆಯಲ್ಲಿ ಅತ್ತೆ ಮಾಳಿಗೆಯ ಮೇಲೆ ಶಂಡಿಗೆ ಹಾಕುತ್ತಿದ್ದರು. ಕೆಳಗೆ ಚೀಲ ಝಾಡಿಸಿದರೆ ಧೂಳು ನೇರ ಮೇಲಕ್ಕೇ ಬರುತ್ತಿತ್ತು. ಅತ್ತೆ ಸರಳು ಹಿಡಿದು ಬಗ್ಗಿ ಕೂಗುತ್ತಿದ್ದರು.

"ಸಾವ್ಕಾರ್ರೇ, ನಿಮ್ಮ ಭತ್ತದ ಧೂಳೆಲ್ಲ ನಮ್ಮ ಶಂಡಿಗಿ ಮ್ಯಾಲೆ ಕುಂತೈತೆ, ನೋಡ್ರಿ!"

"ಕುಂದ್ರಲಿ ಬಿಡಕ್ಕಾ. ಹಿಟ್ಟು ಸ್ವಲ್ಪ ಉಳೀತು ಅನ್ಕೋ."

"ನಿಮ್ಮನಿಗೇ ಕಳಸ್ತೀನಿ, ನೀವೇ ತಿನ್ರಿ."

"ಕಳಸು, ಕಳಸು. ಹೋದ ವರ್ಷದ್ದು ಖಾಲಿ ಆಗೈತೆ."

ಕಳಿಸುತ್ತಲೂ ಇದ್ದರು. ಡಬ್ಬಿಯನ್ನು ಒಯ್ಯುವವಳು ನಾನು. ಸಾವ್ಕಾರರು ಗದ್ದಿಗೆಯ ಮೇಲೆ ಕೂತಲ್ಲಿಂದಲೇ ಮುಚ್ಚಳ ತೆಗೆದು, ಕರಿಯದ ಶಂಡಿಗೆಯನ್ನೇ ಒಂದು ಮುರಿದು ಬಾಯಿಗೆ ಹಾಕಿಕೊಂಡು, "ಧೂಳು ಕಡಿಮಿ ಆಗೈತಲ್ಲ ಈ ಸಲ" ಎನ್ನುತ್ತಿದ್ದರು. ನಗುತ್ತಿರಲಿಲ್ಲ. ಅವರು ನಕ್ಕದ್ದು ನಾನು ಹೆಚ್ಚು ನೋಡಿದ ನೆನಪಿಲ್ಲ.

ಅತ್ತೆಗೆ ಹೊಳೆಯದೊಂದು ನೇಮವಿತ್ತು. ಬೆಳಿಗ್ಗೆ ಹೊಳೆಗೆ ಹೋಗಿ, ಕಾಲು ಮುಳುಗುವಷ್ಟು ನೀರಿಗಿಳಿದು, ಕೈ ಮುಗಿದು ಬಂದ ಮೇಲೆಯೇ ಬಾಯಿಗೆ ನೀರು. ಮದುವೆಯಾಗಿ ಬಂದಾಗಿನಿಂದ ಹಾಗೇ ನಡೆದುಕೊಂಡು ಬಂದಿದ್ದರಂತೆ. ಒಮ್ಮೆ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿಯಿತು. ದಾವಣಗೆರೆಯಲ್ಲಿ ಆಪರೇಶನ್ ಮಾಡಿಸಿಕೊಂಡು ಬಂದರು, ಆದರೆ ನಡಿಗೆ ಬರಲಿಲ್ಲ. ಆಗ ನಮ್ಮ ಯಜಮಾನರು ಅವರನ್ನು ಎತ್ತಿಕೊಂಡು ಮೇಲಿನ ಕೋಣೆಗೆ ಒಯ್ದರು. ಅಲ್ಲಿ ಬಾಗಿಲು ತೆರೆದರೆ ಮಾಳಿಗೆ, ಮಾಳಿಗೆಯ ಅಂಚಿಗೆ ಗೋಡೆಯಿಲ್ಲದೆ ಬರೀ ಕಬ್ಬಿಣದ ಸರಳು, ಸರಳಿನಾಚೆ ಗೋದಾಮಿನ ತಗಡು, ಅದರಾಚೆ ಹೊಳೆ. ಬಾಗಿಲಿಗೆ ಎದುರಾಗಿ ಮಂಚ ಹಾಕಿದೆವು. ಅತ್ತೆ ಮಂಚದ ಮೇಲೆ ಎದ್ದು ಕೂತು, ಹೊಳೆ ನೋಡಿ ಕೈ ಮುಗಿದು, ಆಮೇಲೆ ಚಹಾ ಕುಡಿಯುತ್ತಿದ್ದರು. ಮಂಜು ಬಿದ್ದ ದಿನ ಹೊಳೆ ಕಾಣುತ್ತಿರಲಿಲ್ಲ. ಮಂಜು ಸರಿಯುವವರೆಗೆ ಅವರು ಕಾಯುತ್ತಿದ್ದರು, ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ನಾನೂ ಕಾಯುತ್ತಿದ್ದೆ.

ಹೀಗಿರುವಾಗ ಹೊಳೆದಂಡೆಯನ್ನು ಹೊಸದಾಗಿ ಕಟ್ಟುತ್ತಾರೆ ಎಂಬ ಸುದ್ದಿ ಬಂತು. ಕಲ್ಲಿನ ಮೆಟ್ಟಿಲು, ಓಡಾಡುವ ದಾರಿ, ದೀಪದ ಕಂಬ, ಅಂಗಡಿ ಸಾಲು. ಶಾಲೆಯ ಸಭಾಂಗಣದಲ್ಲಿ ದೊಡ್ಡ ಚಿತ್ರಗಳನ್ನು ತೂಗುಹಾಕಿದ್ದರು. ಚಿತ್ರದಲ್ಲಿ ಹೊಳೆ ನೀಲಿಯಾಗಿತ್ತು, ದಂಡೆಯ ತುಂಬ ತೆಂಗಿನ ಮರಗಳಿದ್ದವು. ಓಣಿಯವರೆಲ್ಲ ಹೋಗಿ ತಮ್ಮ ತಮ್ಮ ಮನೆ ಎಲ್ಲಿ ಬರುತ್ತದೆಂದು ಹುಡುಕಿದೆವು. ನಮ್ಮ ಓಣಿ ಇರಬೇಕಾದ ಕಡೆ ಹಸಿರು ಬಣ್ಣ ಬಳಿದಿದ್ದರು.

ಜಗಳ ಹತ್ತಿದ್ದು ಎತ್ತರದ ಬಗ್ಗೆ. ದಂಡೆಯ ಜಾಗಗಳಲ್ಲಿ ಎಷ್ಟು ಅಂತಸ್ತು ಕಟ್ಟಬಹುದು? ದಾವಣಗೆರೆಯಿಂದ ಬಂದ ಕಟ್ಟಡದ ಗುತ್ತಿಗೆದಾರರು ಐದು ಎಂದರು. ದೇವಸ್ಥಾನಕ್ಕಿಂತ ಎತ್ತರ ಹೋಗುವುದು ಬೇಡ ಎಂದರು ಕೆಲವರು. "ದಾವಣಗೆರೆಯಾಗ ಹೆಂಗೆ ಬೆಳೆದಾವು ನೋಡ್ರಿ. ನಾವೇನು ಹಿಂಗೇ ನೆಲ ಹಿಡ್ಕೊಂಡು ಕುಂದ್ರಬೇಕಾ?" ಎಂದು ಒಬ್ಬರು ಎದ್ದು ನಿಂತು ಕೇಳಿದಾಗ ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಿಂದ ಒಬ್ಬಾಕೆ, "ನಿಮಗೆ ಹೊಳಿ ಕಾಣಬೇಕು, ನಮಗೆ ನಿಮ್ಮ ಸಂಡಾಸದ ಪೈಪು ಕಾಣಬೇಕೇನ್ರಿ?" ಎಂದಾಗಲೂ ಬಿತ್ತು. ಕೊನೆಗೆ ಯೋಜನೆಯ ಅಧಿಕಾರಿ, ಮುಂದಿನ ಜಾಗದವರೂ ಹಿಂದಿನ ಮನೆಯವರೂ ಮಾತಾಡಿಕೊಂಡು ಒಂದು ಎತ್ತರಕ್ಕೆ ಒಪ್ಪಿ ಮುಂದಿನ ಸಭೆಗೆ ಬನ್ನಿ, ಒಪ್ಪದಿದ್ದರೆ ನಾವೇ ಗೊತ್ತು ಮಾಡುತ್ತೇವೆ ಎಂದು ಹೇಳಿ ಎದ್ದರು.

ಮುಂದಿನ ಜಾಗ ಸಾವ್ಕಾರರದು, ಹಿಂದಿನ ಮನೆ ನಮ್ಮದು. ಅವರ ಮಗ ಗೋದಾಮು ಕೆಡವಿ ಮೂರು ಅಂತಸ್ತು ಎಬ್ಬಿಸುವುದೆಂದು ನಕ್ಷೆಯನ್ನೇ ತೆಗೆಸಿಟ್ಟಿದ್ದ. ಇದನ್ನು ಅತ್ತೆಗೆ ಹೇಳಿದೆ. ಮಧ್ಯಾಹ್ನ ಊಟದ ಹೊತ್ತಿಗೆ ಅವರು, "ಗೋಡೆಗೆ ಕೈ ಮುಗಿದು ನಾನಂತೂ ಉಣ್ಣಾದಿಲ್ಲ" ಎಂದರು. ಅವರು ಆಡಿದರೆ ಆಡಿದಂತೆ ನಡೆಯುವವರು. ನನಗೆ ಭಯವಾಯಿತು.

ಎರಡು ದಿನ ಬಿಟ್ಟು ಬೆಳಿಗ್ಗೆ ಸಾವ್ಕಾರರು ಹೇಳಿಕಳಿಸಿದರು. ಗೋದಾಮಿನ ಮೇಲೆ ಗಳ ನಿಲ್ಲಿಸುತ್ತೇನೆ, ಕಟ್ಟಡ ಎಲ್ಲಿಗೆ ಬರುತ್ತದೆಂದು ನಿಮ್ಮ ಮನೆಯಿಂದಲೇ ನೋಡುತ್ತೇನೆ, ಮನೆಯಲ್ಲಿ ಇರಿ ಎಂದು. ನಾನು ಅತ್ತೆಗೆ ಹೇಳಿ ಕೆಳಗೆ ಚಹಾಕ್ಕಿಟ್ಟೆ. ಸಾವ್ಕಾರರನ್ನು ಕರೆದುಕೊಂಡು ಮೇಲೆ ಹೋದಾಗ ಅತ್ತೆ ಮಂಚದ ಮೇಲೆ ಇರಲಿಲ್ಲ! ಕೆಳಗೆ ಚಾಪೆಯ ಮೇಲೆ, ಗೋಡೆಗೆ ಒರಗಿ, ಕಾಲು ಚಾಚಿ ಕೂತಿದ್ದರು. ಮಂಚದ ಕಾಲು ಹಿಡಿದು ಹೇಗೆ ಇಳಿದರೋ ದೇವರಿಗೇ ಗೊತ್ತು. ಮುಖದ ಮೇಲೆ ಬೆವರಿತ್ತು. ನನ್ನ ಕಡೆ ನೋಡಿದ ನೋಟದಲ್ಲೇ ಬಾಯಿ ಮುಚ್ಚಿಕೊಂಡಿರು ಎಂದರು.

ಸಾವ್ಕಾರರು ಬಾಗಿಲಲ್ಲಿ ನಿಂತರು. ಅತ್ತೆಯನ್ನು ನೋಡಿದರು, ಮಂಚವನ್ನು ನೋಡಿದರು.

"ಇಲ್ಲೇ ಕೂಡ್ತೀಯೇನಕ್ಕಾ ದಿನಾ?"

"ಮತ್ತೆಲ್ಲಿ ಕೂಡ್ಲಿ? ನಿಮ್ಮ ಗದ್ದಿಗಿ ಮ್ಯಾಲೆ ಕೂಡ್ಲೇನು?"

"ಬ್ಯಾಡ ತಾಯಿ. ಅದೊಂದಾದ್ರೂ ನನಗಿರಲಿ" ಎಂದು, ಟೊಪ್ಪಿಗೆ ತೆಗೆದು ಕಿಟಕಿಯಲ್ಲಿಟ್ಟು, ಮೊಣಕಾಲ ಮೇಲೆ ಕೈಯೂರಿ ನಿಧಾನವಾಗಿ ನೆಲದ ಮೇಲೆ ಕೂತರು. ಅತ್ತೆಯಿಂದ ಸ್ವಲ್ಪ ದೂರದಲ್ಲಿ, ಅದೇ ಗೋಡೆಗೆ ಒರಗಿ. ಆ ವಯಸ್ಸಿನಲ್ಲಿ ಅವರಿಗೂ ಅದು ಸುಲಭವಿರಲಿಲ್ಲ.

ಆಚೆ ಗೋದಾಮಿನ ತಗಡಿನ ಮೇಲೆ ಅವರ ಹಮಾಲಿ ಗಳ ಹಿಡಿದು ನಿಂತಿದ್ದ. ತುದಿಯಲ್ಲಿ ಧೋತರ ಕಟ್ಟಿತ್ತು; ಕಟ್ಟಡ ಅಲ್ಲಿಯವರೆಗೆ ಎದ್ದರೆ ಧೋತರದ ಕೆಳಗೆ ಕಾಣುವುದೆಲ್ಲ ಮುಚ್ಚಿಹೋಗುತ್ತದೆ. ಮೊದಲು ಅದು ಹೊಳೆಯನ್ನೂ ಆಚೆ ದಂಡೆಯ ಜಾಲಿಗಿಡಗಳನ್ನೂ ದಾಟಿ ಬರೀ ಆಕಾಶದಲ್ಲಿತ್ತು. ಸಾವ್ಕಾರರು ಕೂತಲ್ಲಿಂದಲೇ ಕೂಗಿದರು.

"ಇಳಸೋ!"

ಧೋತರ ಒಂದು ಗೇಣು ಇಳಿಯಿತು.

"ಇನ್ನೂ ಇಳಸು."

ಧೋತರದ ಮೇಲೆ ಜಾಲಿಗಿಡ ಕಂಡವು. ಮತ್ತೆ ಇಳಿಸಿದಾಗ ಮರಳು ಕಂಡಿತು. ಅಷ್ಟರಲ್ಲಿ ಜೊತೆಗೆ ಬಂದಿದ್ದ ಮೇಸ್ತ್ರಿ ನನ್ನ ಪಕ್ಕದಲ್ಲಿ ಚಡಪಡಿಸತೊಡಗಿದ. "ಸಾವ್ಕಾರ್ರೇ, ಇಷ್ಟಕ್ಕೇ ನಿಲ್ಲಸ್ರಿ. ಇನ್ನೊಂದು ಮೊಳ ಇಳಿಸಿದ್ರೆ ಮೂರನೇ ಅಂತಸ್ತು ಕೂಡಾದಿಲ್ಲ. ತಲಿ ತಾಗತೈತೆ."

ಸಾವ್ಕಾರರು ಅತ್ತೆಯ ಕಡೆ ತಿರುಗಿದರು. "ಕಾಣತೈತೇನಕ್ಕಾ?"

"ಮರಳು ಕಾಣತೈತೆ" ಎಂದರು ಅತ್ತೆ. "ನಾ ಕೈ ಮುಗಿಯೋದು ನೀರಿಗೆ."

ಸಾವ್ಕಾರರು ಗಳದ ಕಡೆ ತಿರುಗಿ ಮತ್ತೆ, "ಇಳಸೋ" ಎಂದರು. ಈ ಸಲ ದನಿ ಸಣ್ಣದಾಗಿತ್ತು. ಹಮಾಲಿಗೆ ಕೇಳಿಸದೆ ಮೇಸ್ತ್ರಿಯೇ ಕೈಸನ್ನೆ ಮಾಡಬೇಕಾಯಿತು. ಧೋತರ ಇನ್ನೊಂದು ಮೊಳ ಇಳಿಯಿತು, ಅದರ ಮೇಲೆ ನೀರಿನ ಗೆರೆ ತೆರೆಯಿತು. ಅತ್ತೆ ಕೈ ಮುಗಿದರು. ಅವತ್ತಿನ ಚಹಾವನ್ನು ಅವರು ಕುಡಿದಿದ್ದು ಆಮೇಲೆಯೇ.

ಸಾವ್ಕಾರರನ್ನು ಎಬ್ಬಿಸಲು ಮೇಸ್ತ್ರಿ ಕೈ ಕೊಡಬೇಕಾಯಿತು. ಏಳುವಾಗ ಅವರು ಮಂಚದ ಮೇಲೆ ಒಂದು ಕೈಯೂರಿದರು, ಆ ಕೈಯನ್ನು ಅಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡರು. ನಾನು ಅವರ ಹಿಂದೆ ಮೆಟ್ಟಿಲಿಳಿದೆ. ಕೆಳಗೆ ಚಪ್ಪಲಿ ಮೆಟ್ಟುತ್ತ, ನನ್ನ ಕಡೆ ನೋಡದೆ ಹೇಳಿದರು.

"ಹಾಸಿಗಿ ಇನ್ನೂ ಬೆಚ್ಚಗೈತೆ."

ಅತ್ತೆಗೆ ಕೇಳಿಸಿತೋ ಏನೋ ಎಂದು ನಾನು ಮೆಟ್ಟಿಲ ಕಡೆ ನೋಡಿದೆ.

"ಇರಲಿ ಬಿಡವ್ವಾ. ನಿಮ್ಮತ್ತಿಗೆ ಹೇಳಬ್ಯಾಡ. ನಮ್ಮವ್ವನೂ ಕಡೀಗೆ ಮಂಚ ಬಿಟ್ಟು ನೆಲಕ್ಕೇ ಬಂದ್ಳು..." ಎಂದು ಅಷ್ಟಕ್ಕೇ ನಿಲ್ಲಿಸಿ, ಟೊಪ್ಪಿಗೆ ಮೇಲೆಯೇ ಬಿಟ್ಟದ್ದು ನೆನಪಾಗಿ, ತಂದುಕೊಡು ಎಂದರು.

ಮುಂದಿನ ಸಭೆಯಲ್ಲಿ ಅವರ ಸರದಿ ಬಂದಾಗ ಎದ್ದು, "ನಮ್ಮದು ಎರಡು" ಎಂದರು. ಮಗ ಪಕ್ಕದಲ್ಲೇ ಇದ್ದ. "ಅಪ್ಪಾ, ಮೂರು ಅಂತ ಮಾತಾಗಿತ್ತಲ್ಲ" ಎಂದು ಜೋರಾಗಿಯೇ ಅಂದ. ಜನ ನಕ್ಕರು. ಸಾವ್ಕಾರರು, "ಮಾತು ಬ್ಯಾರೆ, ಕಟ್ಟೋದು ಬ್ಯಾರೆ. ಕೂಡು" ಎಂದು ತಾವೂ ಕೂತರು. ಅವತ್ತಿನಿಂದ ತಿಂಗಳುಗಟ್ಟಲೆ ತಂದೆ ಮಗ ನೆಟ್ಟಗೆ ಮಾತಾಡಲಿಲ್ಲ ಎಂದು ಓಣಿಯಲ್ಲಿ ಹೇಳುತ್ತಿದ್ದರು. ಹೌದೋ ಅಲ್ಲವೋ ನನಗೆ ತಿಳಿಯದು. ನಾನು ಕೇಳಲಿಲ್ಲ.

ಕಟ್ಟಡ ಎದ್ದಿತು. ಕೆಳಗೆ ಅಂಗಡಿಗಳು, ಮೇಲೆ ಬೆಣ್ಣೆದೋಸೆಯ ಹೋಟೆಲು. ಭತ್ತದ ಧೂಳು ನಿಂತಿತು, ಈಗ ಬೆಳಗಾದರೆ ಕಾದ ಬೆಣ್ಣೆಯ ವಾಸನೆ. ಜಗಳಕ್ಕೆ ಕಾರಣವೇ ಉಳಿಯದೆ ಅತ್ತೆಗೆ ಬೇಸರವಾಗಿತ್ತು. ದೋಸೆ ಹೆಂಚಿನ ಹೊಗೆ ಬರುತ್ತದೆಂದು ಹೇಳಿಕಳಿಸು ಎನ್ನುತ್ತಿದ್ದರು. ಹೊಗೆ ಬರುತ್ತಿರಲಿಲ್ಲ. ಆದರೂ ಒಮ್ಮೆ ಹೋಗಿ ಹೇಳಿದೆ. ಸಾವ್ಕಾರರು ಅಂಗಡಿಯ ಮುಂದೆ ಖುರ್ಚಿ ಹಾಕಿಕೊಂಡು ಕೂತಿದ್ದರು, ಬಹಳ ಇಳಿದುಹೋಗಿದ್ದರು. "ಶಂಡಿಗಿ ಕಳಸು ಅನ್ನು, ಹೊಗಿ ಬಂದ್ ಮಾಡಸ್ತೀನಿ" ಎಂದರು. ಶಂಡಿಗೆ ಹಾಕುವ ಬೇಸಿಗೆಗೆ ಅವರು ಇರಲಿಲ್ಲ.

ಸುದ್ದಿ ಬಂದ ದಿನ ಅತ್ತೆ ಹೊಳೆ ನೋಡಿದರೂ ಏನೂ ತಿನ್ನಲಿಲ್ಲ. ಸಂಜೆಗೆ, "ಜಗಳ ಆಡಾಕ ಒಬ್ರಿದ್ರು" ಎಂದರು. ಅಷ್ಟೇ.

ಆಮೇಲೆ ಅತ್ತೆಯೂ ಸೋತರು. ಮಂಚದ ಮೇಲೆ ಎದ್ದು ಕೂರಲಾಗದೆ ಎರಡು ಸಲ ಉರುಳಿ ಬಿದ್ದ ಮೇಲೆ, ನಾವು ಮಂಚ ತೆಗೆದು ಬಾಗಿಲೆದುರಿಗೆ ನೆಲದ ಮೇಲೆಯೇ ಹಾಸಿದೆವು. ಮೊದಲ ಬೆಳಿಗ್ಗೆ ನಾನು ಅವರ ಬೆನ್ನಿಗೆ ದಿಂಬು ಕೊಟ್ಟು ಗೋಡೆಗೆ ಒರಗಿಸಿ ಬಾಗಿಲು ತೆಗೆದೆ. ಮುಂದಿನ ತಾರಸಿಯ ಅಂಚಿನ ಮೇಲೆ ನೀರು ಕಂಡಿತು. ಅತ್ತೆ ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕೇಳಿದರು.

"ಆವತ್ತು ಆ ಮನುಷ್ಯಗ ಗೊತ್ತಿತ್ತೇನ?"

ಹೇಳಬೇಡ ಎಂದವರು ಈಗ ಇರಲಿಲ್ಲ. ಹಾಸಿಗೆ ಬೆಚ್ಚಗಿದ್ದ ಮಾತನ್ನು ಹೇಳಿದೆ. ಅತ್ತೆ ಕೈ ಮುಗಿದರು. ಹೊಳೆಗೋ, ಅದರ ಮುಂದಿನ ಕುಳ್ಳ ಕಟ್ಟಡಕ್ಕೋ... ಎರಡೂ ಒಂದೇ ದಿಕ್ಕಿನಲ್ಲಿದ್ದವು.

ಅವರು ಹೋಗಿಯೂ ಈಗ ವರ್ಷವಾಗುತ್ತ ಬಂತು. ಮೇಲಿನ ಕೋಣೆ ಖಾಲಿಯಿದೆ. ಸಾವ್ಕಾರರ ಕಟ್ಟಡದ ಎರಡೂ ಪಕ್ಕದಲ್ಲಿ ಎತ್ತರದ ಕಟ್ಟಡಗಳು ಬಂದಿವೆ. ಓಣಿಗೆ ಹೊಳೆ ಕಾಣುವುದು ಈಗ ಅವರ ತಾರಸಿಯ ಮೇಲಿಂದ ಮಾತ್ರ. ನಿಯಮ ಬದಲಾಗಿದೆಯಂತೆ, ಹಿಂದಿನ ಮನೆಯವರನ್ನು ಕೇಳಬೇಕಾಗಿಲ್ಲ.

ಆದರೂ ಗಳ ನಿಂತ ದಿನ ಸಂಜೆ ಸಾವ್ಕಾರರ ಮಗ ಬಂದ. ಕೇಳದೆ ಕಟ್ಟಿದರೆ ಚೆನ್ನಾಗಿರುವುದಿಲ್ಲ, ಅಪ್ಪನೂ ಬಂದಿದ್ದರಲ್ಲ ಎಂದ. ಒಳ್ಳೆಯ ಮಾತೇ. ಮೇಲಿನ ಕೋಣೆಗೆ ಕರೆದುಕೊಂಡು ಹೋದೆ. ಬಾಗಿಲು ತೆಗೆದು, ಇಲ್ಲಿ ಒಂದು ಸಲ ಕೂತು ನೋಡಪ್ಪಾ ಎಂದು ಗೋಡೆಯ ಬುಡ ತೋರಿಸಿದೆ. ಅವನು ಧೂಳು ಕಟ್ಟಿದ ನೆಲ ನೋಡಿದ, ತನ್ನ ಇಸ್ತ್ರಿ ಮಾಡಿದ ಪ್ಯಾಂಟು ನೋಡಿಕೊಂಡ. ನಿಂತಲ್ಲಿಂದಲೇ ಕತ್ತು ಚಾಚಿದ.

"ಚಲೋ ಕಾಣತೈತಲ್ರಿ ಅಕ್ಕಾರೆ. ಮೂರನೇದಷ್ಟೇ, ಅದರ ಮ್ಯಾಲೆ ಹೋಗಾದಿಲ್ಲ. ಖುರ್ಚಿ ಹಾಕ್ಕೊಂಡ್ರೂ ಹೊಳಿ ಕಾಣತೈತೆ ನಿಮಗ."

ಅವನು ಹೇಳಿದ್ದು ಸುಳ್ಳಲ್ಲ. ನಿಂತರೆ ಕಾಣುತ್ತದೆ. ಖುರ್ಚಿಯಿಂದಲೂ ಕಾಣುತ್ತದೆ. ನಾನು ಇನ್ನೂ ಓಡಾಡುತ್ತೇನೆ, ಬೇಕೆನಿಸಿದರೆ ಹೊಳೆಯವರೆಗೆ ನಡೆದು ಹೋಗುತ್ತೇನೆ. ಬೇಡ ಎನ್ನಲು ನನ್ನ ಬಳಿ ಏನೂ ಇರಲಿಲ್ಲ. ಆಗಲಪ್ಪಾ ಎಂದೆ. ಚಹಾ ಕುಡಿದು ಹೋದ.

ಇವತ್ತು ಬೆಳಿಗ್ಗೆ ಕೋಣೆ ಗುಡಿಸಿ, ಗೋಡೆಗೆ ಒರಗಿ, ಸಾವ್ಕಾರರು ಅವತ್ತು ಕೂತ ಕಡೆ ನಾನೇ ಕೂತೆ. ನೀಲಿ ಹಾಳೆ ಸರಿಯಾಗಿ ಮರಳಿನ ಮೇಲಿತ್ತು. ನೀರು ಅದರ ಕೆಳಗೆ ಉಳಿದಿತ್ತು. ಇಳಸು, ಎಂದೆ. ಜೋರಾಗಿ ಅಲ್ಲ, ಬಾಯಿಗೆ ತಾನಾಗಿ ಬಂತು. ಗಳ ಹಿಡಿಯಲು ಅಲ್ಲಿ ಯಾರೂ ಇರಲಿಲ್ಲ. ಅದನ್ನು ಒಂದು ತಗಡಿನ ಡಬ್ಬಿಯಲ್ಲಿಟ್ಟು ಸುತ್ತ ಸಿಮೆಂಟು ತುಂಬಿ ನಿಲ್ಲಿಸಿದ್ದರು.