ಹೆಣ್ಣು ತೋರಿಸಲು ಹಿಡಿದ ರೂಮು

ಬೆಂಗಳೂರಿನ ದಂಡಿನ ಕಡೆ ಇರುವ ಆ ಹಳೇ ಹೋಟೆಲಿಗೆ ಈಗ ಹೊಸದಾಗಿ ಬಣ್ಣ ಹೊಡೆದು, ಹಿಂದಿನ ಕಾಲದ ವೈಭವ ಅಂತ ಬೋರ್ಡು ಹಾಕಿದ್ದಾರಂತೆ. ಮೊಮ್ಮಗಳು ಅಲ್ಲಿ ತಂಗಿದ್ದು ಬಂದು, "ಎಷ್ಟ್ ಚೆನ್ನಾಗಿದೆ ಗೊತ್ತಾ ಅಜ್ಜಿ, ನೀನೂ ಒಂದ್ಸಲ ನೋಡ್ಬೇಕು" ಅಂದಳು. ನೋಡಿದ್ದೇನೆ. ಎಪ್ಪತ್ತರ ದಶಕದ ಶುರುವಿನಲ್ಲಿ, ನಾನು ಕಾಲೇಜು ಸೇರಿದ ಹೊಸತರಲ್ಲಿ, ಒಂದು ರಾತ್ರಿ ಅಲ್ಲಿ ಮಲಗೆದ್ದವಳು ನಾನು. ಹೇಗಿತ್ತು ಅಂತ ಯಾರೂ ಕೇಳಿರಲಿಲ್ಲ, ಅದಕ್ಕೇ ಹೇಳಿರಲಿಲ್ಲ.

ಆಗ ನಾವಿದ್ದದ್ದು ದೊಡ್ಡಬಳ್ಳಾಪುರದಲ್ಲಿ. ಅಪ್ಪ ಮಿಡ್ಲ್ ಸ್ಕೂಲ್ ಮೇಷ್ಟ್ರು. ಅಕ್ಕನಿಗೆ ಬಂದ ಎರಡು ಸಂಬಂಧಗಳು ತಪ್ಪಿಹೋಗಿದ್ದವು, ಬೀದಿಯವರು ಅವಳ ವಯಸ್ಸನ್ನು ಅವಳಿಗಿಂತ ಚೆನ್ನಾಗಿ ಲೆಕ್ಕವಿಟ್ಟಿದ್ದರು. ಅಂಥದ್ದರಲ್ಲಿ ದೆಹಲಿಯಲ್ಲಿ ಕೆಲಸದಲ್ಲಿದ್ದ ಹುಡುಗನ ಸಂಬಂಧ ಬಂತು. ಕನ್ನಡದವರೇ, ಅಲ್ಲಿ ನೆಲೆಸಿದ್ದವರು. ಅಮ್ಮನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಆದರೆ ಅವರಿಂದ ಬಂದ ಸುದ್ದಿ ಬೇರೆ: ಊರಿಗೆ ಬರಲು ಪುರುಸೊತ್ತಿಲ್ಲ, ನಾವಿಳಿದುಕೊಂಡಿರುವ ಹೋಟೆಲಿಗೇ ಹುಡುಗಿಯನ್ನು ಕರೆತನ್ನಿ.

ಹೆಣ್ಣು ನೋಡುವುದು ಹೆಣ್ಣಿನ ಮನೆಯಲ್ಲಿ. ಗಂಡಿನವರು ಬರಬೇಕು, ಕೈಕಾಲಿಗೆ ನೀರು ಕೊಡಬೇಕು, ಅವರು ನಮ್ಮ ಮನೆಯ ಉಪ್ಪಿಟ್ಟು ಕೇಸರಿಬಾತು ತಿನ್ನಬೇಕು. ಹುಡುಗಿಯನ್ನೇ ಹೊತ್ತುಕೊಂಡು ಹೋಗಿ ತೋರಿಸುವುದಕ್ಕೆ ಅವಳೇನು ಸಂತೆಯ ಸರಕೇ? ಅಕ್ಕ ಮಾತ್ರ ಕೂಗಾಡಲಿಲ್ಲ. "ನಮ್ಮ ಬಾಗ್ಲಿಗೆ ಅವ್ರು ಬಂದ್ರೆ ನಾನು ಮುಂದೆ ಬಂದ್ ಕೂತ್ಕೊತೀನಿ. ಅವ್ರಿದ್ದ ಕಡೆ ನಾನು ಹೋಗಲ್ಲ" ಎಂದಳು, ಅಷ್ಟೇ.

ಅಪ್ಪ ಎರಡು ದಿನ ಯೋಚಿಸಿ ಒಂದು ಉಪಾಯ ಹೂಡಿದರು. "ಅದೇ ಹೋಟೆಲಲ್ಲಿ ನಾವೂ ಒಂದು ರೂಮ್ ಹಿಡಿಯೋಣ. ಈಗಿರೋದೂ ಬಾಡಿಗೆ ಮನೇನೇ ಅಲ್ವಾ? ಬಾಡಿಗೆ ಕೊಟ್ಮೇಲೆ ಅದೂ ನಮ್ಮನೇನೇ. ಅಲ್ಲಿಗೆ ಅವ್ರು ಬಂದ್ರೆ ಹೆಣ್ಣಿನ ಮನೆಗೆ ಬಂದ ಹಾಗೇ." ಜಗತ್ತಿನಲ್ಲಿ ಇನ್ಯಾರಿಗೂ ಹೊಳೆಯದ ಮಾತು ಅದು. ಅಕ್ಕ ಒಪ್ಪಿದಳು. ರಂಗೋಲಿ ಪುಡಿ, ಹಿತ್ತಿಲ ಮಾವಿನೆಲೆ, ಕುಂಕುಮದ ಬಟ್ಟಲು, ಬಾಳೆಎಲೆ, ಸೀಮೆಎಣ್ಣೆ ಸ್ಟವ್ವು ಕಟ್ಟಿಕೊಂಡು ನಾಲ್ಕೂ ಜನ ಬಸ್ಸು ಹತ್ತಿದೆವು.

ಹೋಟೆಲು ಯಾವನೋ ಇಂಗ್ಲಿಷ್ ಸಾಹೇಬನ ಬಂಗಲೆಯಾಗಿತ್ತಂತೆ. ಹೊರಗೆ ಥಳುಕು, ಒಳಗೆ ಹುಳುಕು. ಮಂಚದ ಹಾಸಿಗೆ ನಡುವೆ ಗುಂಡಿ ಬಿದ್ದಿತ್ತು. ಬಚ್ಚಲಲ್ಲಿ ಕುದುರೆಗೆ ನೀರು ಕುಡಿಸುವಷ್ಟು ದೊಡ್ಡ ತೊಟ್ಟಿ, ಆದರೆ ಮೈಮೇಲೆ ನೀರು ಸುರಿದುಕೊಳ್ಳಲು ಒಂದು ಚೊಂಬಿಲ್ಲ. ಕೇಳಿದರೆ, "ಒಳಗ್ ಮಲ್ಕೊಂಡು ಸ್ನಾನ ಮಾಡ್ಬೇಕು ಅಮ್ಮಾ" ಅಂತ ಬೇರರು ನಕ್ಕ. ತನ್ನ ಕೊಳೆಯಲ್ಲಿ ತಾನೇ ಮಲಗುವ ಆ ವೈಭವ ನಮಗೆ ಬೇಕಿರಲಿಲ್ಲ. ಕಾಫಿ ಎಂದು ತಂದದ್ದು ಪಾತ್ರೆ ತೊಳೆದ ನೀರು. ಗೋಡೆಯಲ್ಲಿ ಸತ್ತ ಹುಲಿಯ ಮೇಲೆ ಕಾಲಿಟ್ಟವರ ಪಟಗಳು. ಇದಕ್ಕೆ ಮೊಮ್ಮಗಳು ಚೆನ್ನಾಗಿದೆ ಅನ್ನುತ್ತಾಳೆ.

ಬೆಳಗ್ಗೆ ಎದ್ದು ಅಪ್ಪ ಬಾಗಿಲಿಗೆ ತೋರಣ ಕಟ್ಟಿದರು, ಅಕ್ಕ ಹೊಸಿಲ ಮುಂದೆ ರಂಗೋಲಿ ಬಿಟ್ಟಳು, ಅಮ್ಮ ಬಚ್ಚಲಲ್ಲಿ ಸ್ಟವ್ವು ಹಚ್ಚಿ ರವೆ ಹುರಿದಳು. ಉಪ್ಪಿಟ್ಟೂ ಕೇಸರಿಬಾತೂ ಆದವು. ಕಾಫಿಗೆ ನೀರಿಡುವ ಹೊತ್ತಿಗೆ ಘಮಲು ಹಿಡಿದು ಮ್ಯಾನೇಜರು ಬಂದ. "ಏನ್ರೀ ಇದು, ಛತ್ರ ಅಂದ್ಕೊಂಡ್ರಾ? ಈ ಬಾಗ್ಲಿಗೆ ನೂರು ವರ್ಷ ಆಗಿದೆ, ಗೊತ್ತಾ?" ಎಂದು ಉರಿಯುತ್ತಿದ್ದ ಸ್ಟವ್ವು ಆರಿಸಿ ಎತ್ತಿಸಿದ. ತೋರಣ ಬಿಚ್ಚಿಸಿದ. ರಂಗೋಲಿಯ ಮೇಲೆ ಒದ್ದೆ ಬಟ್ಟೆ ಎಳೆಸಿದ. ನೂರು ವರ್ಷ ಒಂದು ಮಾವಿನೆಲೆ ಕಾಣದ ಬಾಗಿಲಿಗೆ ಅದೆಂಥ ಜಂಬ! ಅಪ್ಪ ಕೈಮುಗಿದು ತಪ್ಪಾಯಿತು ಎಂದರು. ಶಾಲೆಯಲ್ಲಿ ಕೆಮ್ಮಿದರೆ ಸಾಕು, ಮಕ್ಕಳು ಎದ್ದು ನಿಲ್ಲುತ್ತಿದ್ದ ಮನುಷ್ಯ ಅವರು. ಆ ಮುಗಿದ ಕೈ ನೆನೆದರೆ ಇವತ್ತಿಗೂ ನನ್ನ ಮೈಯೆಲ್ಲ ಉರಿಯುತ್ತದೆ.

ಅವನು ಹೋದ ಮೇಲೆ ಅಕ್ಕ ಅದೇ ಜಾಗದಲ್ಲಿ ಮತ್ತೆ ರಂಗೋಲಿ ಹಾಕಿದಳು, ಚಿಕ್ಕದು. ಅಪ್ಪ ಅಮ್ಮ ಕುಂಕುಮದ ಬಟ್ಟಲು ಹಿಡಿದು ಗಂಡಿನವರನ್ನು ಕರೆಯಲು ಹೋದರು. ಅವರಿದ್ದದ್ದು ಅದೇ ಪಡಸಾಲೆಯ ಆ ತುದಿಯಲ್ಲಿ.

ಬೇಗನೇ ಹಿಂದಿರುಗಿದರು, ಇಬ್ಬರೇ. ಅಮ್ಮನ ಕೈಯಲ್ಲಿ ಕುಂಕುಮದ ಜೊತೆ ಒಂದು ಪ್ರಸಾದದ ಪೊಟ್ಟಣ. "ತೋಟದಲ್ಲಿ ಟೀಗೆ ಹೇಳಿದಾರಂತೆ, ಅಲ್ಲಿಗೇ ಕರ್ಕೊಂಡ್ ಬನ್ನಿ ಅಂತಾರೆ. ಹೋಟ್ಲಲ್ಲಿ ಅದೆಲ್ಲ ಶಾಸ್ತ್ರ ಯಾಕೆ ಅಂತ ನಕ್ಬಿಟ್ರು" ಎಂದಳು. ಮತ್ತೆ ಅಕ್ಕನ ಗಲ್ಲ ಹಿಡಿದು, "ಇದೊಂದ್ಸಲ ಹೋಗ್ಬಾರಮ್ಮಾ. ಎರಡು ಹೋಯ್ತು, ಇದೂ ಹೋದ್ರೆ ಮುಂದೇನು?" ಎಂದು ಅತ್ತಳು.

ಅಕ್ಕ ಪೊಟ್ಟಣ ನೋಡುತ್ತಿದ್ದಳು. "ಯಾವ ದೇವಸ್ಥಾನದ್ದು?"

ಅಮ್ಮ ಪೊಟ್ಟಣವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಉತ್ತರ ಕೊಟ್ಟವರು ಅಪ್ಪ. "ಘಾಟಿ ಸುಬ್ರಹ್ಮಣ್ಯದ್ದು. ನಿನ್ನೆ ಕಾರ್ ಮಾಡ್ಕೊಂಡು ಹೋಗಿದ್ರಂತೆ."

ಬೆಂಗಳೂರಿನಿಂದ ಘಾಟಿಗೆ ಹೋಗುವ ಕಾರು ದೊಡ್ಡಬಳ್ಳಾಪುರದ ಮೇಲೆಯೇ ಹೋಗಬೇಕು. ನಾವು ಮಾವಿನೆಲೆ ಕೊಯ್ಯುವ ಹೊತ್ತಿಗೆ ಪುರುಸೊತ್ತಿಲ್ಲದ ಆ ಜನ ನಮ್ಮೂರು ದಾಟಿ ಹೋಗಿದ್ದರು, ದಾಟಿ ವಾಪಸು ಬಂದಿದ್ದರು. ಥೂ ಎನ್ನಿಸಿತು. ಅವರ ಮೇಲೂ, ಬಾಗಿಲು ಕಾಯುವ ಆ ಮ್ಯಾನೇಜರನ ಮೇಲೂ, ಅತ್ತು ಒಪ್ಪಿಸುತ್ತಿದ್ದ ಅಮ್ಮನ ಮೇಲೂ ಒಟ್ಟಿಗೇ ಸಿಟ್ಟು ಬಂತು.

ಅಕ್ಕ ಎದ್ದಳು. ಹೊರಟಳು ಎಂದೇ ನಾನು ತಿಳಿದೆ. ಅವಳು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನೆಲದ ಮೇಲೆ ಸಾಲಾಗಿ ನಾಲ್ಕು ಬಾಳೆಎಲೆ ಹಾಸಿ, ಗಂಡಿನವರಿಗೆಂದು ಮಾಡಿದ್ದ ಉಪ್ಪಿಟ್ಟಿನ ಪಾತ್ರೆಯ ಮುಚ್ಚಳ ತೆಗೆದಳು. "ಅಪ್ಪಾ, ಕೈ ತೊಳ್ಕೊಂಡ್ ಬನ್ನಿ" ಎಂದಳು.

ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಕೈ ತೊಳೆದು ಬಂದು ಮೊದಲನೇ ಎಲೆಗೆ ಕೂತರು. ನಾನು ಅವರ ಪಕ್ಕ ಕೂತೆ. ಅಮ್ಮನೂ ಕಣ್ಣೊರೆಸಿಕೊಂಡು ಬಂದು ಕೂತಳು. ಸ್ವಲ್ಪ ಹೊತ್ತಿಗೆ ಬೇರರು ಬಾಗಿಲು ತಟ್ಟಿ, "ಸಾರ್, ತೋಟದಲ್ಲಿ ಕಾಯ್ತಾ ಇದಾರೆ" ಎಂದ.

ಅಪ್ಪ ತಲೆ ಎತ್ತಲಿಲ್ಲ. "ಮನೆಯವ್ರೆಲ್ಲ ಎಲೆ ಮುಂದೆ ಕೂತಿದೀವಿ, ಏಳೋ ಹಾಗಿಲ್ಲ ಅಂತ ಹೇಳಪ್ಪಾ" ಎಂದರು. ಆಮೇಲೆ ಎಲೆಯನ್ನು ಅಕ್ಕನ ಕಡೆ ಸರಿಸಿ, "ಇನ್ನೊಂದ್ ಸ್ವಲ್ಪ ಹಾಕಮ್ಮಾ" ಎಂದರು.